ಎಣಿಕೆಗೆ ಬಂದದ್ದು, ಎಣಿಕೆಗೆ ಬಾರದ್ದು: ಬಿ.ಜಿ.ಎಲ್. ಸ್ವಾಮಿಯವರ ಬರಹಗಳ ಲೆಕ್ಕ

(ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿ ಶಿಬಿರದ ಉಪನ್ಯಾಸ)



ಪ್ರೌಢಶಾಲೆ ಮುಗಿಸಿ ಕಾಲೇಜು ಸೇರಿದ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ತನ್ನ ಹಳೆಯ ಶಾಲೆಗೆ ಬಂದು ವಿಜ್ಞಾನ ಶಿಕ್ಷಕರನ್ನು ಹೀಗೆ ಕೇಳುತ್ತಾನೆ ಎಂದಿಟ್ಟುಕೊಳ್ಳೋಣ: "ಸಾರ್, ಒಬ್ಬ ವಿಜ್ಞಾನಿಯ ಕೆಲಸ ಎಷ್ಟು ದೊಡ್ಡದು ಎಂದು ತಿಳಿಯುವುದು ಹೇಗೆ?" ಉತ್ತರ ಅವನ ಕೈಯಲ್ಲಿರುವ ಮೊಬೈಲಿನಲ್ಲೇ ಇದೆ ಎಂದು ಅವನಿಗೆ ತೋರಿರುತ್ತದೆ. ಇಷ್ಟು ಲೇಖನಗಳು, ಇಷ್ಟು ಸಾವಿರ ಉಲ್ಲೇಖಗಳು, ಇಂತಿಷ್ಟು ಸೂಚ್ಯಂಕ; ಸಂಖ್ಯೆ ದೊಡ್ಡದಿದ್ದವರು ದೊಡ್ಡವರು. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ಕನ್ನಡದಲ್ಲಿ ಬರೆದದ್ದಕ್ಕೆ ಈ ಲೆಕ್ಕದಲ್ಲಿ ಜಾಗ ಉಂಟೇ?"

ಗಡಿಯಾಚೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಈ ಎರಡನೆಯ ಪ್ರಶ್ನೆ ಹೊಸದಲ್ಲ. ಮಗುವನ್ನು ಒಂದನೆಯ ತರಗತಿಗೆ ಸೇರಿಸಲು ಬಂದ ತಂದೆತಾಯಿಯರು ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ಎರಡೂ ಪ್ರಶ್ನೆಗಳಿಗೆ ಹಾರಿಕೆಯ ಉತ್ತರ ಸಲ್ಲದು. ಅಭಿಮಾನದ ಮಾತೂ ಸಾಲದು. ಒಬ್ಬ ವಿಜ್ಞಾನಿಯ ಪ್ರಕಟಣೆಗಳನ್ನು ಮುಂದಿಟ್ಟುಕೊಂಡು ಉಲ್ಲೇಖದ ಲೆಕ್ಕ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ನೋಡುವುದು ಈ ಉಪನ್ಯಾಸದ ಉದ್ದೇಶ. ಇದಕ್ಕಾಗಿ ಆರಿಸಿಕೊಂಡವರು ಬಿ.ಜಿ.ಎಲ್. ಸ್ವಾಮಿ. ಅವರು ಅಂತಾರಾಷ್ಟ್ರೀಯ ಪತ್ರಿಕೆಗಳಲ್ಲಿ ಬರೆದ ಸಸ್ಯವಿಜ್ಞಾನಿ. ಕನ್ನಡದ ಹೆಸರಾಂತ ಲೇಖಕ. ಕರ್ನಾಟಕದ ಹೊರಗೆ, ಮದರಾಸಿನಲ್ಲಿ, ಹಲವು ವರ್ಷ ಪಾಠ ಹೇಳಿದ ಅಧ್ಯಾಪಕ.

ಉಲ್ಲೇಖ ಎಂದರೇನು

ಸಂಶೋಧನ ಲೇಖನ ಬರೆಯುವವರು ತಮಗಿಂತ ಮೊದಲು ಆ ವಿಷಯದಲ್ಲಿ ದುಡಿದವರ ಬರಹಗಳನ್ನು ಹೆಸರಿಸುತ್ತಾರೆ. ಯಾವುದು ತಮ್ಮ ಮಾತು, ಯಾವುದು ಇತರರಿಂದ ಪಡೆದದ್ದು ಎಂದು ತೋರಿಸುವ ಕ್ರಮ ಇದು. ಇದಕ್ಕೆ ಉಲ್ಲೇಖ ಅಥವಾ ಸೈಟೇಷನ್ ಎಂದು ಹೆಸರು. ಹಳ್ಳಿಯ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಇದನ್ನು ಹೋಲಿಸಬಹುದು. ಯಾರು ಎಂದು ಏನನ್ನು ಒಯ್ದರು ಎಂಬುದು ಅಲ್ಲಿ ಬರೆದಿರುತ್ತದೆ. ಒಯ್ದ ಅಕ್ಕಿಯಿಂದ ಅನ್ನ ಹೇಗಾಯಿತು ಎಂಬುದು ಬರೆದಿರುವುದಿಲ್ಲ.

ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಲಹೆಯನ್ನು ಮುಂದಿಟ್ಟರು. ಹಳೆಯ ಲೇಖನವೊಂದು ಕೈಯಲ್ಲಿದ್ದರೆ ಮುಂದೆ ಅದನ್ನು ಯಾರು ಬಳಸಿದರು, ಯಾರು ತಿದ್ದಿದರು, ಯಾರು ಅಲ್ಲಗಳೆದರು ಎಂದು ಹುಡುಕಲು ಒಂದು ಸೂಚಿ ಬೇಕು ಎಂಬುದೇ ಆ ಸಲಹೆ. 1960ರ ದಶಕದ ಆರಂಭದಲ್ಲಿ ಅವರ ಸಂಸ್ಥೆ ಇಂತಹ ಸೂಚಿಯನ್ನು ಹೊರತಂದಿತು. 1961ನೆಯ ವರ್ಷಕ್ಕಾಗಿ ಸಿದ್ಧವಾದ ಅದರ ಮೊದಲ ಆವೃತ್ತಿಯಲ್ಲಿ 613 ಪತ್ರಿಕೆಗಳು ಸೇರಿದ್ದವು. ಲೇಖನಗಳನ್ನು ಹುಡುಕಲೆಂದು ಮಾಡಿದ ಈ ಸಾಧನ ಕ್ರಮೇಣ ಲೇಖಕರನ್ನು ಅಳೆಯುವ ಕೋಲಾಯಿತು. ಮುಂದಿನ ತೊಡಕುಗಳಲ್ಲಿ ಬಹುಪಾಲು ಹುಟ್ಟಿದ್ದು ಈ ಬದಲಾವಣೆಯಿಂದ.

ಇಂದು ಹೆಚ್ಚು ಕೇಳಿಬರುವ ಅಳತೆ ಎಚ್-ಸೂಚ್ಯಂಕ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಇದನ್ನು ಸೂಚಿಸಿದರು. ಇದರ ಗಣಿತ ಎಂಟನೆಯ ತರಗತಿಯ ಮಕ್ಕಳಿಗೆ ಎಟುಕುವಷ್ಟು ಸರಳ. ಒಬ್ಬರ ಲೇಖನಗಳನ್ನು ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಬರೆದುಕೊಳ್ಳಬೇಕು. ಆರು ಲೇಖನಗಳಿಗೆ ಕ್ರಮವಾಗಿ 25, 12, 7, 4, 3, 0 ಉಲ್ಲೇಖಗಳು ಬಂದಿವೆ ಎಂದುಕೊಳ್ಳೋಣ. ನಾಲ್ಕು ಲೇಖನಗಳಿಗೆ ತಲಾ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಉಲ್ಲೇಖಗಳಿವೆ. ಐದು ಲೇಖನಗಳಿಗೆ ತಲಾ ಐದು ಇಲ್ಲ. ಆದ್ದರಿಂದ ಸೂಚ್ಯಂಕ 4. ಇನ್ನೊಬ್ಬರ ನಾಲ್ಕು ಲೇಖನಗಳಿಗೆ 400, 3, 2, 1 ಉಲ್ಲೇಖಗಳು ಬಂದಿದ್ದರೆ ಅವರ ಸೂಚ್ಯಂಕ 2. ನಾನೂರು ಜನ ಬಳಸಿದ ಲೇಖನವನ್ನು ಬರೆದವರು ಈ ಲೆಕ್ಕದಲ್ಲಿ ಮೊದಲನೆಯವರ ಅರ್ಧಕ್ಕೆ ನಿಲ್ಲುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ. ಆ ಲೆಕ್ಕ ಉತ್ತರಿಸುವ ಪ್ರಶ್ನೆ ಬೇರೆ, ಅಷ್ಟೆ.

ಸ್ವಾಮಿಯವರು ಬರೆದದ್ದು

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ 1918ರಲ್ಲಿ ಹುಟ್ಟಿ 1980ರಲ್ಲಿ ತೀರಿಕೊಂಡರು. ತಂದೆ ಡಿ.ವಿ. ಗುಂಡಪ್ಪ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯವಿಜ್ಞಾನ ಕಲಿತ ಸ್ವಾಮಿಯವರು ಮೊದಲಿಗೆ ಆರ್ಕಿಡ್ ಸಸ್ಯಗಳ ಭ್ರೂಣ ಬೆಳೆಯುವ ಬಗೆಯನ್ನು ಸೂಕ್ಷ್ಮದರ್ಶಕದಲ್ಲಿ ಅಭ್ಯಾಸ ಮಾಡಿದರು. 1940ರ ದಶಕದ ಕೊನೆಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ ಇರ್ವಿಂಗ್ ಬೈಲಿ ಎಂಬ ಹಿರಿಯ ಸಸ್ಯವಿಜ್ಞಾನಿಯೊಡನೆ ದುಡಿದರು. ಹಿಂದಿರುಗಿದ ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾದರು; ಮುಂದೆ ಪ್ರಾಂಶುಪಾಲರೂ ಆದರು.

ಅವರ ವಿಜ್ಞಾನ ಬರಹಗಳು ಒಂದೇ ಬಗೆಯವಲ್ಲ. ಆರ್ಕಿಡ್ ಭ್ರೂಣವಿಜ್ಞಾನವನ್ನು ಕುರಿತ ದೀರ್ಘ ಲೇಖನಗಳು 1949ರಲ್ಲಿ ಪ್ರಕಟವಾದವು. ಬೈಲಿಯವರೊಡನೆ 1951ರಲ್ಲಿ ಬರೆದ ಲೇಖನ ಕಾರ್ಪೆಲ್ ಎಂಬ ಹೂವಿನ ಹೆಣ್ಣು ಅಂಗದ ಮೂಲರೂಪವನ್ನು ಚರ್ಚಿಸುತ್ತದೆ. ನಡುವೆ ಮಡಚಿದ ಎಲೆಯಂತೆ ಅದರ ಆದಿಮ ರೂಪ ಇದ್ದಿರಬೇಕು ಎಂಬುದು ಅಲ್ಲಿನ ವಾದ. ಹೂವಿನ ವಿಕಾಸವನ್ನು ಕುರಿತ ಚರ್ಚೆಯಲ್ಲಿ ಅದು ಪ್ರಸಿದ್ಧ. 1963ರಲ್ಲಿ ಬೀಜದೊಳಗಿನ ಆಹಾರ ಅಂಗಾಂಶದ ಒಂದು ಬಗೆಯನ್ನು ಕುರಿತು, ಎನ್. ಪರಮೇಶ್ವರನ್ ಅವರೊಡನೆ ಬರೆದ ವಿಸ್ತಾರವಾದ ವಿಮರ್ಶಾ ಲೇಖನ ಬಂದಿತು. ಕೆ.ವಿ. ಕೃಷ್ಣಮೂರ್ತಿಯವರೊಡನೆ ಹೂವಿನಿಂದ ಹಣ್ಣಿನವರೆಗಿನ ಬೆಳವಣಿಗೆಯನ್ನು ವಿವರಿಸುವ ಇಂಗ್ಲಿಷ್ ಪಠ್ಯವೊಂದು 1980ರಲ್ಲಿ ಹೊರಬಂದಿತು.

ಇದರ ಪಕ್ಕದಲ್ಲೇ ಇನ್ನೊಂದು ಸಾಲಿದೆ. ‘ಹಸುರು ಹೊನ್ನು’, ‘ಕಾಲೇಜು ರಂಗ’, ‘ಅಮೆರಿಕದಲ್ಲಿ ನಾನು’, ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’, ‘ಶಾಸನಗಳಲ್ಲಿ ಗಿಡಮರಗಳು’ ಇವು ಕನ್ನಡದ ಪುಸ್ತಕಗಳು. ಚಿದಂಬರದ ದೇವಾಲಯ ಮತ್ತು ನಟರಾಜನನ್ನು ಕುರಿತ ಇತಿಹಾಸದ ಪುಸ್ತಕವೊಂದನ್ನು ಅವರು 1979ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಭ್ರೂಣವಿಜ್ಞಾನ, ಕಟ್ಟಿಗೆಯ ರಚನೆ, ಹೂವಿನ ವಿಕಾಸ, ಶಾಸನ, ದೇವಾಲಯದ ಇತಿಹಾಸ, ಪ್ರವಾಸ ಕಥನ, ಹಾಸ್ಯ ಇಷ್ಟೂ ಒಬ್ಬರ ಬರಹದ ಪಟ್ಟಿಯಲ್ಲಿ ಸೇರಿವೆ. ಈ ಪಟ್ಟಿಗೆ ಒಂದೇ ಮೊತ್ತವನ್ನು ಕೂಡಿಸಲು ಹೊರಟರೆ ಏನಾಗುತ್ತದೆ?

ಕ್ಷೇತ್ರ ಬದಲಾದರೆ ಅಳತೆ ಬದಲಾಗುತ್ತದೆ

ಮೊದಲ ತೊಡಕು ಕ್ಷೇತ್ರಗಳ ನಡುವಿನದು. 1951ರಲ್ಲಿ ಅಮೆರಿಕದ ಆಲಿವರ್ ಲೌರಿ ಮತ್ತು ಸಂಗಡಿಗರು ದ್ರಾವಣವೊಂದರಲ್ಲಿ ಪ್ರೋಟೀನು ಎಷ್ಟಿದೆ ಎಂದು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಆ ಲೇಖನಕ್ಕೆ ಬಂದ ಉಲ್ಲೇಖಗಳು 3 ಲಕ್ಷಕ್ಕೂ ಹೆಚ್ಚು. ಅದನ್ನು ತಮ್ಮ ಮಹತ್ವದ ಲೇಖನವೆಂದು ಲೌರಿಯವರೇ ಎಣಿಸಿರಲಿಲ್ಲ. ಪ್ರೋಟೀನನ್ನು ಅಳೆಯುವ ಪ್ರಯೋಗಾಲಯಗಳು ಜಗತ್ತಿನಲ್ಲಿ ಸಾವಿರಾರು. ಅಳೆದವರೆಲ್ಲರೂ ವಿಧಾನದ ಮೂಲವನ್ನು ಹೆಸರಿಸಬೇಕು. ಅದೇ 1951ರಲ್ಲಿ ಬೈಲಿ ಮತ್ತು ಸ್ವಾಮಿ ಕಾರ್ಪೆಲಿನ ಲೇಖನ ಬರೆದರು. ಹೂವಿನ ಅಂಗರಚನೆಯ ವಿಕಾಸವನ್ನು ಅಭ್ಯಾಸ ಮಾಡುವವರು ಎಲ್ಲ ದೇಶಗಳಲ್ಲೂ ಸೇರಿ ಸಣ್ಣ ಗುಂಪು. ಒಂದೇ ವರ್ಷ ಹುಟ್ಟಿದ ಈ ಎರಡು ಲೇಖನಗಳ ಉಲ್ಲೇಖಗಳನ್ನು ಹೋಲಿಸಿದರೆ ತಿಳಿಯುವುದು ಓದುಗರ ಗುಂಪಿನ ಗಾತ್ರವೇ ಹೊರತು ಲೇಖನಗಳ ತೂಕವಲ್ಲ.

ಇದಕ್ಕೆ ಕಾರಣಗಳನ್ನು ಬಿಡಿಸಿ ಹೇಳಬಹುದು. ವೈದ್ಯಕೀಯ ಮತ್ತು ಜೀವರಸಾಯನದ ಲೇಖನಗಳ ಕೊನೆಯಲ್ಲಿ ಆಕರಗಳ ಪಟ್ಟಿ ಉದ್ದ. ಗಣಿತದ ಲೇಖನಗಳಲ್ಲಿ ಅದು ಚಿಕ್ಕದು. ಕೆಲವು ಕ್ಷೇತ್ರಗಳಲ್ಲಿ ಒಂದು ಲೇಖನಕ್ಕೆ ಹತ್ತಾರು, ನೂರಾರು ಲೇಖಕರಿರುತ್ತಾರೆ. ಒಂದು ಉಲ್ಲೇಖ ಬಂದರೆ ಎಲ್ಲರ ಖಾತೆಗೂ ಒಂದೊಂದು ಸೇರುತ್ತದೆ. ಇತಿಹಾಸ, ಸಾಹಿತ್ಯಗಳಲ್ಲಿ ಮುಖ್ಯ ಕೆಲಸ ಪುಸ್ತಕರೂಪದಲ್ಲಿ ಬರುತ್ತದೆ. ಪತ್ರಿಕೆಗಳನ್ನು ಮಾತ್ರ ಎಣಿಸುವ ಸೂಚಿಗೆ ಅದು ಕಾಣುವುದಿಲ್ಲ. ಜೀವವಿಜ್ಞಾನಿಗಳ ಸೂಚ್ಯಂಕಗಳು ಭೌತವಿಜ್ಞಾನಿಗಳವಕ್ಕಿಂತ ಹೆಚ್ಚಾಗಿರುತ್ತವೆ ಎಂಬುದನ್ನು ಹಿರ್ಷ್ ತಮ್ಮ ಮೊದಲ ಲೇಖನದಲ್ಲೇ ಗುರುತಿಸಿದ್ದರು. ಎಚ್ಚರಿಕೆ ಅಳತೆಯ ಜೊತೆಗೇ ಹುಟ್ಟಿತ್ತು. ಅಳತೆ ಊರೂರು ಸುತ್ತಿತು, ಎಚ್ಚರಿಕೆ ಹಿಂದುಳಿಯಿತು.

ಸ್ವಾಮಿಯವರ ನಟರಾಜನ ಪುಸ್ತಕವನ್ನೂ ಆರ್ಕಿಡ್ ಲೇಖನವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದು ಇದರಿಂದ ಸ್ಪಷ್ಟ. ಗೋಧಿಯನ್ನು ಸೇರಿನಲ್ಲೂ ಬಟ್ಟೆಯನ್ನು ಗಜದಲ್ಲೂ ಅಳೆದ ಮೇಲೆ ಎರಡನ್ನೂ ಕೂಡಿಸಿ ಮೊತ್ತ ಹೇಳುವ ವ್ಯಾಪಾರಿ ಇಲ್ಲ.

ಐವತ್ತು ವರ್ಷ ಕಾದ ಲೇಖನ

ಎರಡನೆಯ ತೊಡಕು ಕಾಲದ್ದು. ಇದಕ್ಕೆ ಸ್ವಾಮಿಯವರದೇ ಒಂದು ಲೇಖನ ಒಳ್ಳೆಯ ನಿದರ್ಶನ.

ಹೂಬಿಡುವ ಬಹುತೇಕ ಸಸ್ಯಗಳ ಕಟ್ಟಿಗೆಯಲ್ಲಿ ನೀರನ್ನು ಮೇಲಕ್ಕೆ ಸಾಗಿಸುವ ನಾಳಗಳಿರುತ್ತವೆ. ಕೋಶಗಳು ಒಂದರ ಮೇಲೊಂದು ಸೇರಿ, ನಡುವಿನ ಗೋಡೆಗಳಲ್ಲಿ ರಂಧ್ರಗಳು ತೆರೆದುಕೊಂಡು, ಕೊಳವೆಯಂತಹ ನಾಳವಾಗುತ್ತದೆ. ಪೈನ್ ಮೊದಲಾದ ಹೂಬಿಡದ ಮರಗಳಲ್ಲಿ ಇಂತಹ ನಾಳಗಳಿಲ್ಲ. ಅಲ್ಲಿ ನೀರು ಕೋಶದಿಂದ ಕೋಶಕ್ಕೆ, ಗೋಡೆಯ ತೆಳುವಾದ ಭಾಗಗಳನ್ನು ಹಾದು ಸಾಗುತ್ತದೆ. ಹೂಬಿಡುವ ಸಸ್ಯವೊಂದರಲ್ಲಿ ನಾಳಗಳೇ ಇಲ್ಲದಿದ್ದರೆ ಅದು ಕುತೂಹಲದ ಸಂಗತಿ.

ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ ಕಾಡಿನಲ್ಲಿ ಮಾತ್ರ ಬೆಳೆಯುವ ಅಂಬೊರೆಲ್ಲಾ ಎಂಬ ಪೊದೆಗಿಡ ಅಂತಹದು. ಬೈಲಿ ಮತ್ತು ಸ್ವಾಮಿ 1948ರಲ್ಲಿ ಅದರ ಕಟ್ಟಿಗೆಯನ್ನು ಪರೀಕ್ಷಿಸಿ, ಇದು ನಾಳರಹಿತ ಹೂಸಸ್ಯಗಳಲ್ಲಿ ಹೊಸದೊಂದು ಮಾದರಿ ಎಂದು ಆರ್ನಾಲ್ಡ್ ಆರ್ಬೊರೀಟಂ ಪತ್ರಿಕೆಯಲ್ಲಿ ಹತ್ತು ಪುಟಗಳ ಲೇಖನ ಬರೆದರು. ಸಸ್ಯರಚನೆಯನ್ನು ಅಭ್ಯಾಸ ಮಾಡುವವರ ವಲಯಕ್ಕೆ ಸಲ್ಲುವ ಲೇಖನ ಅದು.

1999ರಲ್ಲಿ ಚಿತ್ರ ಬದಲಾಯಿತು. ಡಿ.ಎನ್.ಎ. ಅನುಕ್ರಮಗಳನ್ನು ಹೋಲಿಸುತ್ತಿದ್ದ ಹಲವು ತಂಡಗಳು ಬೇರೆ ಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದವು: ಇಂದು ಬದುಕಿರುವ ಹೂಸಸ್ಯಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಶಾಖೆ ಅಂಬೊರೆಲ್ಲಾದ್ದು, ಉಳಿದೆಲ್ಲ ಹೂಸಸ್ಯಗಳು ಇನ್ನೊಂದು ಶಾಖೆಗೆ ಸೇರುತ್ತವೆ. ಅಜ್ಞಾತವಾಗಿದ್ದ ಪೊದೆಯೊಂದು ಒಮ್ಮೆಲೇ ವಿಜ್ಞಾನದ ಪ್ರಮುಖ ಪತ್ರಿಕೆಗಳಿಗೆ ಬಂದಿತು. 2013ರಲ್ಲಿ ಅದರ ಇಡೀ ಜೀನೋಮ್ ಪ್ರಕಟವಾಯಿತು. ಈ ಗಿಡದ ದೇಹರಚನೆಯ ಬಗ್ಗೆ ತಿಳಿಯಬೇಕಾದವರು 1948ರ ಆ ಹತ್ತು ಪುಟಗಳಿಗೆ ಮರಳಬೇಕಾಯಿತು. ಡಿ.ಎನ್.ಎ.ಯ ರಚನೆಯೇ ತಿಳಿಯದ ಕಾಲದಲ್ಲಿ ಬರೆದ ಲೇಖನ ಡಿ.ಎನ್.ಎ. ಹೋಲಿಸುವವರಿಗೆ ಬೇಕಾಯಿತು.

1948ರಿಂದ 1999ಕ್ಕೆ 51 ವರ್ಷ. ಪತ್ರಿಕೆಗಳ ಪ್ರಭಾವವನ್ನು ಅಳೆಯುವ ರೂಢಿಯ ಸೂಚ್ಯಂಕವೊಂದು ಹಿಂದಿನ ಎರಡು ವರ್ಷಗಳ ಲೇಖನಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎರಡು ವರ್ಷದ ಕಿಟಕಿಯಿಂದ ನೋಡಿದವರಿಗೆ ಈ ಲೇಖನದ ಮುಂದಿನ ಬಾಳು ಕಾಣುವುದು ಸಾಧ್ಯವಿರಲಿಲ್ಲ. ಸ್ವಾಮಿಯವರೂ ಅದನ್ನು ಕಾಣಲಿಲ್ಲ. ಅವರು ತೀರಿಕೊಂಡು ಆಗ 19 ವರ್ಷವಾಗಿತ್ತು. ಮಾವಿನ ಗಿಡ ನೆಟ್ಟವನ ಶ್ರಮವನ್ನು ರಾಗಿಯ ಕೊಯ್ಲಿನ ದಿನ ಅಳೆದರೆ ಅವನ ಪಾಲಿಗೆ ಸೊನ್ನೆಯೇ ಬರುತ್ತದೆ.

ತಿದ್ದುಪಡಿಯೂ ಉಲ್ಲೇಖವೇ

ಉಲ್ಲೇಖವೆಂದರೆ ಹೊಗಳಿಕೆ ಎಂದು ತಿಳಿಯುವವರಿದ್ದಾರೆ. ಸ್ವಾಮಿಯವರ ಇನ್ನೊಂದು ಲೇಖನ ಈ ಭ್ರಮೆಯನ್ನು ನಿವಾರಿಸುತ್ತದೆ. ಸ್ವಾಮಿ ಮತ್ತು ಬೈಲಿ 1950ರಲ್ಲಿ ಸಾರ್ಕಾಂಡ್ರಾ ಎಂಬ ಸಸ್ಯಕುಲವನ್ನು ಕುರಿತು ಬರೆದರು. ಅದೂ ನಾಳರಹಿತ ಕುಲ ಎಂಬುದು ಲೇಖನದ ಶೀರ್ಷಿಕೆಯಲ್ಲೇ ಇತ್ತು. ಕಟ್ಟಿಗೆಯ ರಚನೆಯಲ್ಲಿ ಪರಿಣತರಾದ ಅಮೆರಿಕದ ಶೆರ್ವಿನ್ ಕಾರ್ಲ್‌ಕ್ವಿಸ್ಟ್ 1987ರಲ್ಲಿ ಅದೇ ಕುಲದ ಕಟ್ಟಿಗೆಯನ್ನು ಮತ್ತೆ ಪರೀಕ್ಷಿಸಿದರು. ಬೇರಿನ ಕಟ್ಟಿಗೆಯಲ್ಲಿ ನಾಳಗಳು ಕಂಡವು. 37 ವರ್ಷ ನಿಂತಿದ್ದ ಮಾತಿಗೆ ತಿದ್ದುಪಡಿ ಬಂದಿತು.

ಎಣಿಸುವ ಯಂತ್ರಕ್ಕೆ ಇದು ಸ್ವಾಮಿಯವರ ಖಾತೆಗೆ ಜಮೆಯಾದ ಒಂದು ಉಲ್ಲೇಖ. ಅದು ಒಪ್ಪಿಗೆಯೋ ತಿದ್ದುಪಡಿಯೋ ಯಂತ್ರ ಕೇಳುವುದಿಲ್ಲ. ಸಂಖ್ಯೆಯನ್ನಷ್ಟೇ ನೋಡಿದವರಿಗೆ ತಿಳಿಯದ ಈ ವ್ಯತ್ಯಾಸ ಲೇಖನವನ್ನು ತೆರೆದು ಓದಿದವರಿಗೆ ತಿಳಿಯುತ್ತದೆ.

ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ತಿದ್ದುಪಡಿ ಬಂದದ್ದು ಸ್ವಾಮಿಯವರ ಕೆಲಸಕ್ಕೆ ಕುಂದಲ್ಲ. ತಾವು ಕಂಡದ್ದನ್ನು ಎಲ್ಲರೂ ನೋಡುವಂತಹ ಕಡೆ ಸ್ಪಷ್ಟವಾಗಿ ಬರೆದಿಟ್ಟದ್ದರಿಂದಲೇ ಇನ್ನೊಬ್ಬರು ಅದನ್ನು ಪರೀಕ್ಷಿಸಲು ಸಾಧ್ಯವಾಯಿತು. ಅಳತೆಯ ಕೋಲಾಗಿ ಉಲ್ಲೇಖಕ್ಕೆ ಎಷ್ಟೇ ಮಿತಿಗಳಿರಲಿ, ಜ್ಞಾನವನ್ನು ತಿದ್ದುವ ದಾರಿಯಾಗಿ ಅದು ಬೆಲೆಬಾಳುತ್ತದೆ. ಗಾರ್ಫೀಲ್ಡ್ ಸೂಚಿಯನ್ನು ಬಯಸಿದ್ದೂ ಇದಕ್ಕಾಗಿಯೇ. ಆದ್ದರಿಂದ ಎಣಿಕೆಯೇ ಬೇಡ ಎಂಬ ತೀರ್ಮಾನ ಸರಿಯಲ್ಲ.

ಸಾರ್ಕಾಂಡ್ರಾ ಕುಲದಲ್ಲೇ ಕಾಣುವ ಇನ್ನೊಂದು ಬಗೆಯ ಸ್ಮರಣೆಯೂ ಇದೆ. ದಕ್ಷಿಣ ಭಾರತದ ಬೆಟ್ಟಕಾಡಿನ ಒಂದು ಸಸ್ಯಕ್ಕೆ ಸ್ವಾಮಿಯವರು ‘ಸಾರ್ಕಾಂಡ್ರಾ ಇರ್ವಿಂಗ್‌ಬೈಲಿಯೈ’ ಎಂದು ಗುರುವಿನ ಹೆಸರಿಟ್ಟರು. ಸಸ್ಯನಾಮದ ಕೊನೆಯಲ್ಲಿ ಹೆಸರಿಟ್ಟವರ ಹೆಸರನ್ನೂ ಬರೆಯುವುದು ಕ್ರಮ. ಹೀಗೆ ಗುರುಶಿಷ್ಯರಿಬ್ಬರೂ ಒಂದು ಗಿಡದ ಹೆಸರಿನಲ್ಲಿ ಒಟ್ಟಿಗೆ ಉಳಿದರು. ಯಾವ ಸೂಚ್ಯಂಕವೂ ಇದನ್ನು ಎಣಿಸುವುದಿಲ್ಲ.

ಹೆಸರಿನ ತೊಡಕು

ದಕ್ಷಿಣ ಭಾರತದ ಹೆಸರುಗಳು ಯುರೋಪಿನ ಹೆಸರುಗಳಂತೆ ಮನೆತನದ ಹೆಸರಿನಿಂದ ಕೊನೆಗೊಳ್ಳುವುದಿಲ್ಲ. ಬಿ.ಜಿ.ಎಲ್. ಎಂಬ ಅಕ್ಷರಗಳಲ್ಲಿ ಊರು, ತಂದೆಯ ಹೆಸರು, ಸ್ವಂತ ಹೆಸರಿನ ಭಾಗ ಮೂರೂ ಇವೆ. ಉಲ್ಲೇಖ ಸೂಚಿಗಳು ‘ಸ್ವಾಮಿ’ ಎಂಬುದನ್ನೇ ಮನೆತನದ ಹೆಸರೆಂದು ಹಿಡಿಯುತ್ತವೆ. ಒಂದೇ ಹೆಸರಿನ ಹಲವರ ಲೇಖನಗಳು ಒಂದು ಖಾತೆಗೆ ಸೇರುವುದೂ, ಒಬ್ಬರ ಲೇಖನಗಳು ಅಕ್ಷರವ್ಯತ್ಯಾಸದಿಂದ ಎರಡು ಮೂರು ಖಾತೆಗಳಾಗಿ ಒಡೆಯುವುದೂ ಇಂತಹ ಹೆಸರುಗಳಲ್ಲಿ ಸಾಮಾನ್ಯ.

ಗಡಿಭಾಗದ ಶಾಲೆಗಳಲ್ಲಿ ಈ ತೊಡಕು ದಾಖಲಾತಿಯ ದಿನವೇ ಆರಂಭವಾಗುತ್ತದೆ. ಮನೆಯಲ್ಲಿ ಕರೆಯುವ ಹೆಸರು, ಕನ್ನಡದ ದಾಖಲೆ ಪುಸ್ತಕದ ಹೆಸರು, ರಾಜ್ಯಭಾಷೆಯ ಪ್ರಮಾಣಪತ್ರದ ಹೆಸರು, ಇಂಗ್ಲಿಷ್ ಅಕ್ಷರಗಳ ಹೆಸರು ನಾಲ್ಕೂ ನಾಲ್ಕು ಬಗೆ. ಮುಂದೆ ಎಂದೋ ಮಗುವಿನ ಸಾಧನೆ ಎರಡು ಹೆಸರುಗಳ ನಡುವೆ ಹಂಚಿಹೋಗದಂತೆ ನೋಡಿಕೊಳ್ಳುವ ಮೊದಲ ಅವಕಾಶ ಶಿಕ್ಷಕರದು. ಒಂದೇ ಕಾಗುಣಿತ, ಒಂದೇ ಕ್ರಮದ ಮೊದಲಕ್ಷರಗಳು ಎಲ್ಲ ದಾಖಲೆಗಳಲ್ಲೂ ಇರುವಂತೆ ಪೋಷಕರೊಡನೆ ಕುಳಿತು ನಿರ್ಧರಿಸುವುದು ಅರ್ಧ ಗಂಟೆಯ ಕೆಲಸ.

ಕನ್ನಡದ ಖಾತೆ

ಇನ್ನು ವಿದ್ಯಾರ್ಥಿಯ ಎರಡನೆಯ ಪ್ರಶ್ನೆ. ಅಂತಾರಾಷ್ಟ್ರೀಯ ಉಲ್ಲೇಖ ಸೂಚಿಗಳು ಬಹುಮಟ್ಟಿಗೆ ಇಂಗ್ಲಿಷ್ ಪತ್ರಿಕೆಗಳನ್ನೇ ಎಣಿಸುತ್ತವೆ. ‘ಹಸುರು ಹೊನ್ನು’ ಸಸ್ಯಗಳನ್ನು ಹುಡುಕುತ್ತ ವಿದ್ಯಾರ್ಥಿಗಳೊಡನೆ ಪಶ್ಚಿಮಘಟ್ಟದ ಕಾಡುಗಳನ್ನು ಸುತ್ತಿದ ಕಥನ. ಅದರ ಚಿತ್ರಗಳನ್ನೂ ಸ್ವಾಮಿಯವರೇ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದನ್ನು ಓದಿ ಕಾಡಿನ ಗಿಡವೊಂದನ್ನು ಮೊದಲ ಬಾರಿಗೆ ಬಗ್ಗಿ ನೋಡಿದ ಓದುಗ ಎಲ್ಲಿಯೂ ಆಕರಪಟ್ಟಿ ಬರೆಯುವುದಿಲ್ಲ. ‘ಕಾಲೇಜು ರಂಗ’ ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ 1976ರಲ್ಲಿ ಚಲನಚಿತ್ರವಾಯಿತು. ಚಿತ್ರಮಂದಿರದ ಪ್ರೇಕ್ಷಕರೂ ಉಲ್ಲೇಖದ ಲೆಕ್ಕಕ್ಕೆ ಬರುವುದಿಲ್ಲ.

ಈ ಕೊರತೆಯನ್ನು ವಿಜ್ಞಾನ ಲೋಕವೂ ಗುರುತಿಸಿದೆ. ಪತ್ರಿಕೆಯ ಸೂಚ್ಯಂಕವನ್ನು ಹಿಡಿದು ಸಂಶೋಧಕರನ್ನು ಅಳೆಯಬಾರದು ಎಂಬ ಘೋಷಣೆಯೊಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡಿತು. 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೈಡನ್ ಪ್ರಣಾಳಿಕೆ ಹತ್ತು ಸೂತ್ರಗಳನ್ನು ಮುಂದಿಟ್ಟಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ಇರುವ ವ್ಯತ್ಯಾಸವನ್ನು ಗಣಿಸಬೇಕು ಎಂಬುದು ಅವುಗಳಲ್ಲಿ ಒಂದು. ಆಯಾ ಪ್ರದೇಶಕ್ಕೆ ಸಂಬಂಧಿಸಿದ, ಇಂಗ್ಲಿಷೇತರ ಭಾಷೆಗಳಲ್ಲಿ ಬರುವ ಉತ್ತಮ ಕೆಲಸವನ್ನು ಕಾಪಾಡಬೇಕು ಎಂಬುದು ಇನ್ನೊಂದು.

ಆದರೆ ಕನ್ನಡದಲ್ಲಿದೆ ಎಂಬ ಕಾರಣದಿಂದಲೇ ಬರಹವೊಂದು ಉತ್ತಮವಾಗುವುದಿಲ್ಲ. ಎಣಿಕೆಗೆ ಬಾರದ್ದೆಲ್ಲ ಅಡಗಿದ ನಿಧಿಯೂ ಅಲ್ಲ. ಸ್ವಾಮಿಯವರ ಕನ್ನಡ ಪುಸ್ತಕಗಳು ನಿಂತಿರುವುದು ಅವರ ಸೂಕ್ಷ್ಮದರ್ಶಕದ ಕೆಲಸ ನಿಂತಿರುವ ನೆಲದ ಮೇಲೆಯೇ: ಕಣ್ಣಾರೆ ಕಂಡದ್ದು, ಪರೀಕ್ಷಿಸಿದ್ದು, ಇತರರೂ ಪರೀಕ್ಷಿಸಬಹುದಾದ ಹಾಗೆ ಹೇಳಿದ್ದು. ಜಗತ್ತಿನ ತಜ್ಞರು ಪರೀಕ್ಷಿಸಬೇಕಾದದ್ದನ್ನು ಅವರು ಇಂಗ್ಲಿಷಿನಲ್ಲಿ ಬರೆದರು. ತಮ್ಮ ಜನ ತಿಳಿಯಬೇಕಾದದ್ದನ್ನು ಕನ್ನಡದಲ್ಲಿ ಬರೆದರು. ಒಂದನ್ನು ಮಾಡಲು ಇನ್ನೊಂದನ್ನು ಬಿಡಲಿಲ್ಲ. ಮದರಾಸಿನಲ್ಲಿ ತಮಿಳರ ನಡುವೆ ಬಾಳಿದ ವರ್ಷಗಳಲ್ಲಿಯೂ ಕನ್ನಡ ಅವರಿಗೆ ಬರೆಯುವ ಭಾಷೆಯಾಗಿ ಉಳಿಯಿತು. ಸುತ್ತಲಿನ ತಮಿಳು ನಾಡಿನ ಶಾಸನ, ದೇವಾಲಯಗಳೂ ಅವರ ಅಧ್ಯಯನದ ವಸ್ತುವಾದವು. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಗಡಿಭಾಗದ ಮಗುವಿಗೆ ಇದಕ್ಕಿಂತ ಹತ್ತಿರದ ಮಾದರಿ ಅಪರೂಪ.

ತರಗತಿಯಲ್ಲಿ ಮಾಡಬಹುದಾದದ್ದು

ಒಂದು: ಗ್ರಂಥಾಲಯದ ಸೂಚ್ಯಂಕ. ತರಗತಿಯ ಪ್ರತಿಯೊಂದು ಪುಸ್ತಕವನ್ನು ಈ ವರ್ಷ ಎಷ್ಟು ಮಕ್ಕಳು ಮನೆಗೆ ಒಯ್ದರು ಎಂದು ವಿತರಣೆಯ ವಹಿಯಿಂದ ಬರೆಸಿ, ಇಳಿಕೆಯ ಕ್ರಮದಲ್ಲಿ ಜೋಡಿಸಿ, ಎಚ್-ಸೂಚ್ಯಂಕವನ್ನು ಮಕ್ಕಳಿಂದಲೇ ಕಂಡುಹಿಡಿಸಬಹುದು. ಬಳಿಕ ಒಂದು ಪ್ರಶ್ನೆ ಕೇಳಬೇಕು: ನಿಘಂಟನ್ನು ಎಷ್ಟು ಮಕ್ಕಳು ಒಯ್ದರು? ಅದು ತರಗತಿಯಲ್ಲೇ ಇದ್ದು ದಿನವೂ ಬಳಕೆಯಾಗುವುದರಿಂದ ವಹಿಯಲ್ಲಿ ಅದರ ಮುಂದೆ ಸೊನ್ನೆ ಇರುತ್ತದೆ. ಎಣಿಕೆಗೆ ಬಾರದ ಉಪಯೋಗ ಎಂದರೇನು ಎಂಬುದನ್ನು ಆ ಸೊನ್ನೆ ಮಕ್ಕಳಿಗೆ ತಿಳಿಸುತ್ತದೆ.

ಎರಡು: ಕಟ್ಟಿಗೆಯ ನಾಳಗಳು. ಬಡಗಿಯ ಅಂಗಡಿಯಿಂದ ತೇಗದ ಒಂದು ಚೂರು, ಸಾಮಾನು ತುಂಬಿ ಬರುವ ಪೈನ್ ಪೆಟ್ಟಿಗೆಯ ಒಂದು ಚೂರು ತರಿಸಿ, ಅಡ್ಡಲಾಗಿ ಕೊಯ್ದ ಮುಖವನ್ನು ಹರಿತವಾದ ಉಳಿಯಿಂದ ಶಿಕ್ಷಕರೇ ನಯಗೊಳಿಸಿ ಮಸೂರದಲ್ಲಿ ತೋರಿಸಬೇಕು. ತೇಗದಲ್ಲಿ ಸಾಲುಸಾಲಾಗಿ ರಂಧ್ರಗಳು ಕಾಣುತ್ತವೆ, ಅವೇ ನಾಳಗಳು. ಪೈನಿನಲ್ಲಿ ಅಂತಹ ಸಾಲುಗಳಿಲ್ಲ. ಅಲ್ಲೊಂದು ಇಲ್ಲೊಂದು ಕಾಣುವ ಚುಕ್ಕೆಗಳು ಅಂಟುರಸದ ಕಾಲುವೆಗಳು. ಬೈಲಿ ಮತ್ತು ಸ್ವಾಮಿ 1948ರಲ್ಲಿ ಏನನ್ನು ಹುಡುಕುತ್ತಿದ್ದರು ಎಂಬುದು ಆಗ ಮಕ್ಕಳಿಗೆ ಮಾತಿಲ್ಲದೆ ತಿಳಿಯುತ್ತದೆ.

ಮೂರು: ಯಾರಿಂದ ತಿಳಿಯಿತು? ಮಕ್ಕಳು ಬರೆಯುವ ಪ್ರತಿಯೊಂದು ಯೋಜನಾ ವರದಿಯ ಕೊನೆಯಲ್ಲಿ ಮಾಹಿತಿ ಬಂದ ಮೂಲವನ್ನು ಬರೆಯುವ ರೂಢಿ ಮಾಡಿಸಬೇಕು. ಪಠ್ಯಪುಸ್ತಕದ ಪುಟವಾದರೆ ಪುಟದ ಸಂಖ್ಯೆ. ಅಜ್ಜಿ ಹೇಳಿದ್ದಾದರೆ ಅಜ್ಜಿಯ ಹೆಸರು ಮತ್ತು ಊರು. ಊರಿನ ಗಿಡಗಳ ಹೆಸರುಗಳನ್ನು ಕನ್ನಡದಲ್ಲೂ ನೆರೆಭಾಷೆಯಲ್ಲೂ ಸಂಗ್ರಹಿಸಿ, ಪ್ರತಿ ಹೆಸರಿನ ಮುಂದೆ ಹೇಳಿದವರನ್ನು ನಮೂದಿಸಿದರೆ ಅದು ಆ ಶಾಲೆಯ ಮೊದಲ ಪ್ರಕಟಣೆಯಾಗುತ್ತದೆ. ಇತರರಿಂದ ಪಡೆದದ್ದನ್ನು ಪಡೆದದ್ದೆಂದು ಹೇಳುವ ಪ್ರಾಮಾಣಿಕತೆಯೇ ಉಲ್ಲೇಖದ ತಿರುಳು. ಅದನ್ನು ಕಲಿಸಲು ವಿಶ್ವವಿದ್ಯಾಲಯದವರೆಗೆ ಕಾಯಬೇಕಿಲ್ಲ.

ಕೊನೆಯ ಮಾತು

ಸಂಖ್ಯೆಯೊಂದು ಮುಂದೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಎಣಿಸಿದವರು ಯಾರು? ಯಾವ ಕ್ಷೇತ್ರದೊಳಗೆ ಎಣಿಸಿದರು? ಎಷ್ಟು ಕಾಲದ ಲೆಕ್ಕ? ಯಾವ ಭಾಷೆಯಲ್ಲಿದ್ದದ್ದನ್ನು ಎಣಿಸಿದರು? ವಿಜ್ಞಾನಿಯ ಸೂಚ್ಯಂಕಕ್ಕೆ ಅನ್ವಯವಾಗುವ ಈ ಪ್ರಶ್ನೆಗಳು ಮಗುವಿನ ಅಂಕಪಟ್ಟಿಗೂ ಅನ್ವಯವಾಗುತ್ತವೆ. ರಾಜ್ಯಭಾಷೆಯ ಪತ್ರಿಕೆಯಲ್ಲಿ 35 ಅಂಕ ಪಡೆದ ಮಗು ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದನ್ನು ಆಡುವ ಮಗುವಾಗಿರಬಹುದು. ಅಂಕಪಟ್ಟಿ ಅದನ್ನು ಎಣಿಸಿಲ್ಲ. ಆ ಅಂಕವನ್ನು ತಳ್ಳಿಹಾಕುವುದೂ ತಪ್ಪು, ಅದನ್ನೇ ಮಗುವೆಂದು ತಿಳಿಯುವುದೂ ತಪ್ಪು. ಅಂಕದ ಜೊತೆಗೆ ಮಗುವಿನ ಬರಹವನ್ನು ತೆರೆದು ಓದುವುದು ಶಿಕ್ಷಕರ ಕೆಲಸ.

ರಜೆಯಲ್ಲಿ ಶಾಲೆಗೆ ಬಂದ ಹಳೆಯ ವಿದ್ಯಾರ್ಥಿಗೆ ಉತ್ತರ ಹೇಳುವ ಮೊದಲು ಶಿಕ್ಷಕರು ಗ್ರಂಥಾಲಯದ ಕಪಾಟಿನಿಂದ ‘ಹಸುರು ಹೊನ್ನು’ ತೆಗೆದು ಅವನ ಕೈಗಿಡಬಹುದು. ಇದನ್ನು ಬರೆದವರೇ ಅಂಬೊರೆಲ್ಲಾದ ಲೇಖನವನ್ನೂ ಬರೆದರು ಎಂದು ಹೇಳಿ, ಅದನ್ನೂ ಹುಡುಕಿ ಓದಲು ತಿಳಿಸಬಹುದು. ಎರಡನ್ನೂ ಓದಿದ ಮೇಲೆ ಅವನು ಮತ್ತೆ ಬರಲಿ. ಆಗ ಅವನ ಪ್ರಶ್ನೆ ಎಷ್ಟು ಎಂಬುದರಿಂದ ಏನು ಎಂಬುದಕ್ಕೆ ತಿರುಗಿರುತ್ತದೆ. ಅಂತಹ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಶಿಕ್ಷಕರಿಗೆ ಗೊತ್ತಿದೆ.